ಶನಿವಾರದ ಮಾತುಕತೆ: ಜೋಸೆಫ್ ರೈಟ್

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 6ಕ್ಕೆ ಆನ್‌ಲೈನ್‌ನಲ್ಲಿ ಸೇರೋಣ. ಈ ಸಲ ಆಕ್ಸ್‌ಫರ್ಡ್‌ನ ಭಾಷಾ ಪ್ರೊಫೆಸರ್ ಜೋಸೆಫ್ ರೈಟ್ (1855–1930) ಅವರ ಬದುಕು. 6ನೇ ವಯಸ್ಸಿಗೇ ಕೆಲಸಕ್ಕೆ ಸೇರಿ, 15ರವರೆಗೂ ಓದಲು ಬಾರದಿದ್ದ ಹುಡುಗ ಮುಂದೆ ಇಂಗ್ಲಿಷ್ ಆಡುಮಾತುಗಳ 6 ಸಂಪುಟದ ನಿಘಂಟು ಮಾಡಿದ್ದು ಸುಮ್ನೆ ಮಾತಲ್ಲ, ಅಲ್ವಾ? ಭಾನುವಾರ ವಿದ್ಯಾರ್ಥಿಗಳನ್ನು ಮನೆಗೆ ಟೀಗೆ ಕರೆದು, ಯುರೋಪಿನ ಹಳೇ ಭಾಷೆ ಗಾಥಿಕ್‌ನಲ್ಲಿ ಅಂಜೂರದ ಮರಕ್ಕಿರುವ ‘ಸ್ಮಕ್ಕ ಬಗ್ಮ್ಸ್’ ಅನ್ನುವ ಪದ ಹೇಳುತ್ತಿದ್ದರು, ಅವರ ನಾಯಿ ಜ್ಯಾಕ್ ತಕ್ಷಣ ತುಟಿ ನೆಕ್ಕಿಕೊಳ್ಳುತ್ತಿತ್ತು! ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ, ಲಿಂಕ್ ಕಳಿಸುತ್ತೇನೆ. ನಿಮ್ಮ ಮನೆಮಾತಿನಲ್ಲಿ ಮಾತ್ರ ಇರುವ ಒಂದು ಪದ ಅರ್ಥದ ಜೊತೆ ತನ್ನಿ. ಈಗಲೇ ಗುಂಪಿನಲ್ಲಿ ಹಾಕಬೇಡಿ, ಅವತ್ತೇ ಕೇಳೋಣ. ನಿಘಂಟಿನ ಬಗ್ಗೆ 10 ನಿಮಿಷ ಮಾತಾಡಲು ಒಬ್ಬರು ಬೇಕು, ಯಾರು ಬರ್ತೀರಿ?