ಫ್ಲ್ಯಾಶ್ ಚಿಪ್ ಹೊಸದು, ಬೂಟ್‌ಲೋಡರ್ ಹಳೆಯದು: ಒಂದು ದೂರು

ಗ್ರಾಹಕ ಸೇವಾ ವಿಭಾಗಕ್ಕೆ,

ವಿಷಯ: ಎರಡನೇ ಬ್ಯಾಚ್‌ನ 20 ಪ್ರೊಸೆಸರ್ ಬೋರ್ಡ್‌ಗಳಲ್ಲಿ ಫ್ಲ್ಯಾಶ್ (ತಂತ್ರಾಂಶ ಇಟ್ಟಿರುವ ಮೆಮೊರಿ ಚಿಪ್) ಪತ್ತೆಯಾಗದಿರುವುದು

ಮಾನ್ಯರೇ,

ನಿಮ್ಮಿಂದ ಎರಡನೇ ಸಲ ತರಿಸಿದ 20 ಬೋರ್ಡ್‌ಗಳಲ್ಲಿ ಒಂದೂ ಕರ್ನಲ್‌ವರೆಗೆ, ಅಂದರೆ ಆಪರೇಟಿಂಗ್ ಸಿಸ್ಟಂ ಶುರುವಾಗುವವರೆಗೆ, ಹೋಗುತ್ತಿಲ್ಲ. ಸೀರಿಯಲ್ ಕನ್ಸೋಲ್‌ನಲ್ಲಿ ಯು-ಬೂಟ್ (ಕರ್ನಲ್ ಅನ್ನು ಎಬ್ಬಿಸುವ ಬೂಟ್‌ಲೋಡರ್) ಬರುತ್ತದೆ, 'ಅನ್‌ರೆಕಗ್ನೈಸ್ಡ್ ಜೆಡೆಕ್ ಐಡಿ ಬೈಟ್ಸ್: ಇಎಫ್, 70, 18' ಅನ್ನುತ್ತದೆ, ಅಂದರೆ ಈ ಗುರುತಿನ ಫ್ಲ್ಯಾಶ್ ಚಿಪ್ ತನಗೆ ಗೊತ್ತಿಲ್ಲ ಅಂತ, ಅಲ್ಲಿಗೆ ಮುಗಿಯಿತು. ಮೊದಲ ಬ್ಯಾಚ್‌ನ ಬೋರ್ಡ್‌ಗಳು ಇದೇ ಇಮೇಜ್‌ನಲ್ಲಿ (ಫ್ಲ್ಯಾಶ್‌ಗೆ ಬರೆದ ತಂತ್ರಾಂಶದಲ್ಲಿ) ಇವತ್ತಿಗೂ ಚೆನ್ನಾಗಿ ಓಡುತ್ತಿವೆ.

ಇದನ್ನು ತಿಳಿಸಿದಾಗ ನಿಮ್ಮವರು ಮೊದಲು ಪವರ್ ಸಪ್ಲೈ ಬದಲಿಸಿ ಅಂದರು. ಬದಲಿಸಿದೆ. ಆಮೇಲೆ ಎಸ್‌ಪಿಐ ಕ್ಲಾಕ್, ಅಂದರೆ ಪ್ರೊಸೆಸರ್ ಫ್ಲ್ಯಾಶ್ ಜೊತೆ ಮಾತಾಡುವ ವೇಗ, ಇಳಿಸಿ ಅಂದರು. 1 ಮೆಗಾಹರ್ಟ್ಸ್‌ಗೆ ಇಳಿಸಿ, ಫ್ಲ್ಯಾಶ್ ಹುಡುಕುವ 'ಎಸ್‌ಎಫ್ ಪ್ರೋಬ್' ಕಮಾಂಡ್ ಕೊಟ್ಟೆ. ಅದೇ ಮೂರು ಬೈಟ್. ಕೊನೆಗೆ, ನೀವು ಬರಿಗೈಯಲ್ಲಿ ಮುಟ್ಟಿ ಸ್ಟ್ಯಾಟಿಕ್‌ನಿಂದ (ಮೈಯ ಸ್ಥಿರ ವಿದ್ಯುತ್ತಿನಿಂದ) ಚಿಪ್ ಸುಟ್ಟಿರಬೇಕು, ವಾರಂಟಿ ಸಿಗುವುದಿಲ್ಲ ಅಂತ ಇಮೇಲ್ ಬಂತು. ಇಪ್ಪತ್ತನ್ನೂ ಸುಟ್ಟೆನಾ?

ಚಿಪ್ ಸುಟ್ಟಿದ್ದರೆ ಅಥವಾ ಬೆಸುಗೆ ಬಿಟ್ಟಿದ್ದರೆ, ಗುರುತು ಕೇಳುವ 9ಎಫ್ ಕಮಾಂಡ್‌ಗೆ ಸಾಮಾನ್ಯವಾಗಿ ಮೂರೂ ಬೈಟ್ ಎಫ್‌ಎಫ್ ಇಲ್ಲವೇ 00 ಬರುತ್ತವೆ. ಇಲ್ಲಿ ಚಿಪ್ ತನ್ನ ಗುರುತನ್ನು ಸರಿಯಾಗಿಯೇ ಹೇಳುತ್ತಿದೆ: ಇಎಫ್ ತಯಾರಕರದ್ದು, 70 ಮಾದರಿಯದ್ದು, 18 ಗಾತ್ರದ್ದು, ಅಂದರೆ 16 ಎಂಬಿ. ಹಳೇ ಬೋರ್ಡ್‌ನಲ್ಲಿ ಅದೇ ಕಮಾಂಡ್ ಕೊಟ್ಟರೆ ಇಎಫ್ 40 18. ಭೂತಗನ್ನಡಿ ಹಿಡಿದು ನೋಡಿದೆ. ಹಳೆಯ ಚಿಪ್ ಮೇಲೆ 25ಕ್ಯೂ128ಜೆವಿಎಸ್‌ಕ್ಯೂ ಅಂತಿದೆ, ಹೊಸದರ ಮೇಲೆ 25ಕ್ಯೂ128ಜೆವಿಎಸ್‌ಎಂ. ಕೊನೆಯ ಒಂದೇ ಅಕ್ಷರ. ನೀವು ಚಿಪ್ ಬದಲಾಯಿಸಿದಿರಿ, ಬೂಟ್‌ಲೋಡರ್‌ನ ಐಡಿ ಪಟ್ಟಿಗೆ ಹೊಸದನ್ನು ಸೇರಿಸಲು ಮರೆತಿರಿ.

ತಮಾಷೆ ಅಂದರೆ, ಆ ಯು-ಬೂಟ್ ಬರುತ್ತಿರುವುದೂ ಇದೇ ಚಿಪ್‌ನಿಂದ. ನಿಮ್ಮ ಪ್ರೊಸೆಸರ್‌ನ ಬೂಟ್ ರೋಮ್ (ಪ್ರೊಸೆಸರ್ ಒಳಗೇ ಇರುವ ಮೊದಲ ಪ್ರೋಗ್ರಾಂ) ಐಡಿ ಗೀಡಿ ಕೇಳದೆ ಅದನ್ನು ಓದಿಬಿಡುತ್ತದೆ. ಎದ್ದು ಕೂತ ಮೇಲೆ ಯು-ಬೂಟ್, ಹೆತ್ತವಳನ್ನೇ 'ಯಾರಮ್ಮ ನೀನು' ಅಂತ ಕೇಳಿದ ಹಾಗೆ ಮಾಡುತ್ತದೆ.

ಈ ಐಡಿ ಈಗಿನ ಯು-ಬೂಟ್ ಸೋರ್ಸ್ ಕೋಡ್‌ನಲ್ಲಿ ಇದೆ. ನಾನೇ ಬಿಲ್ಡ್ ಮಾಡಿಕೊಳ್ಳೋಣ ಅಂದರೆ, ನಿಮ್ಮ ಬೋರ್ಡ್‌ನ ಡಿಡಿಆರ್ (ರ‍್ಯಾಮ್) ಸೆಟ್ಟಿಂಗ್ ಇರುವ ಕೋಡ್ ಕೇಳಿ ಮೂರು ವಾರ ಆಯಿತು, ಇನ್ನೂ ಬಂದಿಲ್ಲ. ಯು-ಬೂಟ್‌ಗೆ ಇರುವುದು ಜಿಪಿಎಲ್ 2 ಲೈಸೆನ್ಸ್. ಇಮೇಜ್ ಪಡೆದ ಗ್ರಾಹಕ ಕೇಳಿದರೆ ನೀವು ಕೋಡ್ ಕೊಡಲೇಬೇಕು. ಅದು ನೀವು ಮಾಡುವ ಉಪಕಾರವಲ್ಲ.

ಹೊಸ ಇಮೇಜ್ ಕಳಿಸಿ ಕೈತೊಳೆದುಕೊಂಡರೂ ಆಗುವುದಿಲ್ಲ. ಫ್ಲ್ಯಾಶೇ ಕಾಣದ ಬೂಟ್‌ಲೋಡರ್‌ನಿಂದ ಫ್ಲ್ಯಾಶ್‌ಗೆ ಬರೆಸುವುದು ಹೇಗೆ? ಒಂದೊಂದು ಬೋರ್ಡ್‌ಗೂ ಎಂಟು ಕಾಲಿನ ಕ್ಲಿಪ್ ಹಾಕಿ ಹೊರಗಿನ ಪ್ರೋಗ್ರಾಮರ್‌ ಉಪಕರಣದಿಂದ ಬರೆಯಬೇಕಾಗಬಹುದು. ಅದು ನನ್ನ ಕೆಲಸವಲ್ಲ. ಬೋರ್ಡ್‌ಗಳನ್ನು ನಿಮ್ಮ ಖರ್ಚಿನಲ್ಲೇ ತರಿಸಿಕೊಂಡು ಸರಿಮಾಡಿ ಕಳಿಸಿ, ಇಲ್ಲವೇ ಹಣ ವಾಪಸ್ ಕೊಡಿ. ಕೋಡ್ ಅಂತೂ ಎರಡರಲ್ಲೂ ಬೇಕು. ಸ್ಟ್ಯಾಟಿಕ್ ಮಾತನ್ನು ಇಮೇಲ್‌ನಲ್ಲೇ ಹಿಂದಕ್ಕೆ ತೆಗೆದುಕೊಳ್ಳಿ. ಮುಂದೆ ಚಿಪ್ ಬದಲಿಸುವುದಿದ್ದರೆ, ಒಂದಕ್ಷರದ ವ್ಯತ್ಯಾಸವಾದರೂ ಸರಿ, ಬೋರ್ಡ್ ಕಳಿಸುವ ಮುಂಚೆ ತಿಳಿಸಿ.

ಎರಡೂ ಬ್ಯಾಚ್‌ನ ಲಾಗ್ ಮತ್ತು ಚಿಪ್‌ಗಳ ಫೋಟೋ ಜೊತೆಗಿವೆ. ಹತ್ತು ದಿನದೊಳಗೆ ಉತ್ತರ ಬೇಕು. ಈ ಸಲ ಲಾಗ್ ಓದಿದವರಿಂದಲೇ ಬರಲಿ.

ಇಂತಿ,
ನಿಮ್ಮ ಗ್ರಾಹಕ