ಮೈದಾನಕ್ಕೆ ಒಬ್ಬ ಅಣ್ಣ, ಒಬ್ಬ ಅಕ್ಕ ಬೇಕು

ಮಾನ್ಯ ಸಂಪಾದಕರೇ,

ಹಳ್ಳಿ ಹುಡುಗರು ಮಾದಕ ವಸ್ತುವಿನ ಚಟಕ್ಕೆ ಬಿದ್ದರು ಅಂದ ಕೂಡಲೇ ನಾವು ಪೊಲೀಸರ ಕಡೆ ನೋಡುತ್ತೇವೆ. ಅದು ಬೇಕು, ಆದರೆ ಸಾಲದು. ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಆ ಮಕ್ಕಳು ಎಲ್ಲಿರುತ್ತಾರೆ, ಯಾರ ಜೊತೆ ಇರುತ್ತಾರೆ ಅಂತ ಯಾವತ್ತಾದರೂ ಕೇಳಿದ್ದೇವಾ?

ಊರಿನ ಮೈದಾನಕ್ಕೆ ವಾರಕ್ಕೆರಡು ದಿನ ತಪ್ಪದೆ ಬರುವ ಒಬ್ಬ ಹಿರಿಯರು ಬೇಕು. ದೊಡ್ಡ ಆಟಗಾರರೇ ಆಗಬೇಕು ಅಂತೇನಿಲ್ಲ. ಜೊತೆಗೆ ಆಡಿ, ಆಮೇಲೆ ಕೂತು ಮಾತಾಡಿ, ನಿನ್ನೆ ಯಾಕೋ ಬರಲಿಲ್ಲ ಅಂತ ವಿಚಾರಿಸಿದರೆ ಸಾಕು. ಸುಮ್ನೆ ಹೇಳುತ್ತಿಲ್ಲ. ಮಕ್ಕಳಿಗೆ ಅಣ್ಣ, ಅಕ್ಕನಂತಹ ಹಿರಿಯರನ್ನು ಜೊತೆ ಮಾಡಿಕೊಡುವ ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ ಕೆಲಸದ ಬಗ್ಗೆ 1995ರಲ್ಲಿ ಬಂದ ಅಧ್ಯಯನದಲ್ಲಿ, ಹೀಗೆ ಹಿರಿಯರ ಒಡನಾಟ ಸಿಕ್ಕ ಮಕ್ಕಳು ಮಾದಕ ವಸ್ತು ಮುಟ್ಟುವ ಸಾಧ್ಯತೆ ಉಳಿದವರಿಗಿಂತ ಶೇ 46ರಷ್ಟು ಕಡಿಮೆ ಇತ್ತು. ಐಸ್‌ಲ್ಯಾಂಡ್‌ನಲ್ಲಿ ಕಾನೂನು ಬಿಗಿ ಮಾಡುವ ಜೊತೆಗೆ ಮಕ್ಕಳ ಆಟ, ಸಂಗೀತಕ್ಕೂ ಸರ್ಕಾರ ಹಣ ಹಾಕಿತು. 15–16 ವಯಸ್ಸಿನವರಲ್ಲಿ, ಹಿಂದಿನ ತಿಂಗಳು ಕುಡಿದು ಅಮಲೇರಿದ್ದವರು 1998ರಲ್ಲಿ ಶೇ 42 ಇದ್ದರು, 2016ಕ್ಕೆ ಶೇ 5.

ಆದರೆ ಮೂರು ತಿಂಗಳು ಬಂದು ಕಾಣೆಯಾಗುವವರು ದಯವಿಟ್ಟು ಬರಬೇಡಿ. ಮೊದಲೇ ಯಾರನ್ನೂ ನಂಬದ ಮಗುವಿಗೆ ಅದು ಇನ್ನೂ ಜಾಸ್ತಿ ನೋವು. ಕನಿಷ್ಠ ಒಂದು ವರ್ಷ ಇರಬೇಕು. ಬರುವವರ ಹಿನ್ನೆಲೆಯನ್ನೂ ಮೊದಲೇ ವಿಚಾರಿಸಬೇಕು, ಮಕ್ಕಳ ವಿಷಯ ಅಲ್ವಾ.

ಹೊಸ ಕಟ್ಟಡ ಯಾರೂ ಕೇಳುತ್ತಿಲ್ಲ. ಮೈದಾನಕ್ಕೆ ಒಳ್ಳೆಯ ದೀಪ ಹಾಕಿಸಿ, ಹೆಣ್ಣುಮಕ್ಕಳಿಗೂ ಆಡುವ ಹೊತ್ತು ಕೊಡಿ, ದೂರದ ಮನೆಯ ಮಕ್ಕಳು ವಾಪಸ್ ಹೋಗಲು ಒಂದು ಗಾಡಿ ಮಾಡಿಸಿ.

– ಒಬ್ಬ ಓದುಗ