ಪುಟ್ಟನ ದಡಾರದ ಲಸಿಕೆಯ ಬಗ್ಗೆ

ಚಿ. ಸೌ. ವೀಣಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದದ ಒಂದು ಸಾಲು ಮನಸ್ಸಿನಲ್ಲೇ ಕೂತುಬಿಟ್ಟಿದೆ: "ಚುಚ್ಚಿಸಿದ ಮೇಲೆ ಏನಾದರೂ ಆದರೆ ನನ್ನ ಕೈಯಾರೆ ಮಾಡಿದಂತಾಗುತ್ತದೆ." ಉಳಿದದ್ದು ಆಮೇಲೆ.

ದಡಾರದ ಲಸಿಕೆಯಿಂದ ಆಟಿಸಂ, ಅಂದರೆ ಮಗುವಿನ ಮಾತು, ಒಡನಾಟ ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ, ಬರುತ್ತದೆ ಎಂದು ನೀನು ಓದಿದ ಮಾತು ಹಬ್ಬಿದ್ದು 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವೇಕ್‌ಫೀಲ್ಡ್ ಎಂಬ ವೈದ್ಯರ ಲೇಖನದಿಂದ. ಅದರಲ್ಲಿ ಇದ್ದದ್ದೇ 12 ಮಕ್ಕಳು. ಲಸಿಕೆ ಹಾಕಿಸದ ಮಕ್ಕಳೊಡನೆ ಹೋಲಿಸಿರಲಿಲ್ಲ. 8 ಮಕ್ಕಳಲ್ಲಿ ಲಸಿಕೆಯ ನಂತರ ತೊಂದರೆ ಶುರುವಾಯಿತೆಂದು ಹೆತ್ತವರೋ ವೈದ್ಯರೋ ಹೇಳಿದ್ದರು, ಅಷ್ಟೆ. 2010ರಲ್ಲಿ ಪತ್ರಿಕೆ ಅದನ್ನು ಹಿಂಪಡೆಯಿತು. ವೈದ್ಯಕೀಯ ಲೇಖನಗಳ ಪಟ್ಟಿಯಿರುವ ಪಬ್‌ಮೆಡ್ ಜಾಲತಾಣದಲ್ಲಿ ಹುಡುಕಿದರೆ ಹಿಂಪಡೆದ ಸೂಚನೆ ಮೇಲೇ ಕಾಣುತ್ತದೆ. ಮೊಬೈಲಿನಿಂದ ಮೊಬೈಲಿಗೆ ಓಡಾಡುವ ಪಿಡಿಎಫ್‌ನಲ್ಲಿ ಅದು ಇರಬೇಕೆಂದಿಲ್ಲ.

ಇಷ್ಟಕ್ಕೇ ಭಯ ಬಿಡುವುದಿಲ್ಲ, ಗೊತ್ತಮ್ಮ. ಎರಡನೇ ಡೋಸ್ ಬರುವುದು 16ರಿಂದ 24 ತಿಂಗಳೊಳಗೆ. ಕರೆದರೆ ಮಗು ತಿರುಗುತ್ತಿಲ್ಲ, ಬಂದ ಮಾತು ನಿಂತಿದೆ ಎಂದು ತಾಯಂದಿರ ಗಮನಕ್ಕೆ ಬರುವುದೂ ಹೆಚ್ಚುಕಮ್ಮಿ ಅದೇ ವಯಸ್ಸಿನಲ್ಲಿ. ಒಂದೇ ಮಗುವನ್ನು ನೋಡಿ ಇವೆರಡನ್ನು ಬಿಡಿಸಿ ಹೇಳಲು ಯಾರಿಂದಲೂ ಆಗದು. ಡೆನ್ಮಾರ್ಕಿನಲ್ಲಿ ಪ್ರತಿ ಮಗುವಿನ ಲಸಿಕೆ, ಕಾಯಿಲೆ ಎಲ್ಲ ಸರ್ಕಾರಿ ದಾಖಲೆಯಲ್ಲಿರುತ್ತದೆ. ಹಾಗಾಗಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಹಾಕಿಸಿದವರು ಹಾಕಿಸದವರು ಎಂದು ಹೋಲಿಸಿ ನೋಡಿದರು. ಹಾಕಿಸಿದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. 2019ರಲ್ಲಿ ಪ್ರಕಟವಾಯಿತು.

ನಾನು ಲಸಿಕೆ ಹಾಕುತ್ತಿದ್ದ ಕಾಲದಲ್ಲಿ ಇದನ್ನೆಲ್ಲ ತಾಯಂದಿರಿಗೆ ಕೂತು ಹೇಳಲು ಪುರುಸೊತ್ತೇ ಸಿಗಲಿಲ್ಲ ಎಂಬ ಕೊರಗು ನನಗಿದೆ.

ನೀನು ರಾತ್ರಿಯೆಲ್ಲ ಓದುವುದು ತಪ್ಪಲ್ಲ. ಎಷ್ಟು ಜನರನ್ನು ನೋಡಿದ್ದಾರೆ, ಯಾರೊಡನೆ ಹೋಲಿಸಿದ್ದಾರೆ, ಬೇರೆಯವರು ಮಾಡಿದಾಗಲೂ ಅದೇ ಫಲ ಬಂತೇ, ಇಷ್ಟನ್ನು ನೀನೇ ನೋಡಬಹುದು. ಅಂಥ ಅಧ್ಯಯನದಲ್ಲಿ ತಾಯ್ತಂದೆಯರ ವಯಸ್ಸಿನ ಪ್ರಭಾವವನ್ನು ಲೆಕ್ಕದಲ್ಲಿ ಸರಿದೂಗಿಸಿದ ಬಗೆ ಸರಿಯೇ ಎಂದು ತೂಗಲು ಸಂಖ್ಯಾಶಾಸ್ತ್ರದಲ್ಲಿ ಪಳಗಿದವರೇ ಬೇಕು. ಅದು ನನ್ನಿಂದಲೂ ಆಗದು. ಇನ್ನೊಂದು, "ಲಸಿಕೆಯಿಂದ ತೊಂದರೆ" ಎಂದು ಹುಡುಕಿದರೆ ತೊಂದರೆಯ ಕಥೆಗಳೇ ಸಿಗುತ್ತವೆ. ಚುಚ್ಚಿಸಿಕೊಂಡು ಬಂದು ಮಗು ಆಡಿಕೊಂಡಿದ್ದರೆ ಯಾರೂ ಬರೆಯುವುದಿಲ್ಲ.

ಕೈಯಾರೆ ಅಂದೆಯಲ್ಲ, ಹಾಕಿಸದೆ ಬಿಟ್ಟರೂ ಅದು ನಿನ್ನ ಕೈಯದೇ ಆಗುತ್ತದಲ್ಲ ವೀಣಾ? ಹೆದರಿಸಲು ಹೇಳುತ್ತಿಲ್ಲ, ಆದರೆ ದಡಾರ ಬಂದ ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಮಿದುಳಿನ ಉರಿಯೂತ ಆಗುತ್ತದೆ. ಆ ಪಾಲನ್ನೂ ಸೇರಿಸಿ ತೂಗು.

ಬೇಕೆನಿಸಿದರೆ ಇದನ್ನು ಕೇಳಿಸಿಕೋ. ಒಂಬತ್ತು ತಿಂಗಳು ತುಂಬಿದ ಮೇಲೆ ಕೊಡುವ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಪುಡಿಯಾಗಿರುತ್ತದೆ, ಅದರದೇ ದ್ರವದಲ್ಲಿ ಕಲಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು; ಸೀಸೆ ಎಷ್ಟು ಹೊತ್ತಿಗೆ ತೆರೆದದ್ದೆಂದು ಸಿಸ್ಟರ್‌ನ್ನು ಕೇಳಬಹುದು, ಬೇಸರಿಸಿಕೊಳ್ಳುವುದಿಲ್ಲ. ಇದು ಜೀವಂತ ಲಸಿಕೆ, ಅಂದರೆ ಬಲ ಕುಂದಿಸಿದ ಜೀವಂತ ವೈರಾಣು ಇದರಲ್ಲಿರುತ್ತದೆ. ಪುಟ್ಟನಿಗೆ ಸ್ಟೀರಾಯ್ಡ್ ನಡೆಯುತ್ತಿದ್ದರೆ, ರೋಗನಿರೋಧಕ ಶಕ್ತಿಯ ತೊಂದರೆಯಿದ್ದರೆ ಮೊದಲೇ ವೈದ್ಯರಿಗೆ ಹೇಳು. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಇರು. ಜ್ವರ ಬಂದರೆ ಸಾಮಾನ್ಯವಾಗಿ 7ರಿಂದ 12ನೇ ದಿನದೊಳಗೆ, ಕೆಲವರಿಗೆ ಸಣ್ಣ ದದ್ದುಗಳೂ ಏಳುತ್ತವೆ, ತಾವಾಗಿಯೇ ಇಳಿಯುತ್ತವೆ. ತೀರಾ ಅಪರೂಪಕ್ಕೆ ಜ್ವರದ ಫಿಟ್ಸ್ ಬಂದೀತು. ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿ. ಪ್ಯಾರಾಸಿಟಮಾಲ್ ಎಷ್ಟೆಂದು ಪುಟ್ಟನ ತೂಕ ಹೇಳಿ ಮೊದಲೇ ಕೇಳಿ ಬರೆದಿಟ್ಟುಕೋ. ತಾಯಿ ಕಾರ್ಡ್ ಒಯ್ಯುವುದು ಮರೆಯಬೇಡ, ಎರಡನೇ ಡೋಸಿನ ತಾರೀಕು ಅದರಲ್ಲೇ ಬರೆಸಬೇಕು.

ನಿನ್ನ
ದೊಡ್ಡಮ್ಮ